ಸೀಳಿನೊಳಗಿನ ದಾರ

ಟೈರು ಮುಟ್ಟುವ ಮೊದಲು ಅವರು ಕೈ ಒರೆಸಿಕೊಳ್ಳುತ್ತಿದ್ದರು. ನಾವೆಲ್ಲ ಮುಟ್ಟಿದ ಮೇಲೆ ಒರೆಸಿಕೊಳ್ಳುವವರು. ಪುಣೆ ಹತ್ತಿರದ ಭೋಸರಿಯ ಆ ತಗಡಿನ ಶೆಡ್ಡಿನಲ್ಲಿ, ಬಾಗಿಲ ಹಿಂದಿನ ಮೊಳೆಗೆ ಹಳೆಯ ಧೋತರದ ತುಂಡೊಂದು ತೂಗುತ್ತಿತ್ತು. ಅದರಲ್ಲಿ ಎರಡೂ ಹೆಬ್ಬೆರಳು ತಿಕ್ಕಿಕೊಂಡು, ಟೈರಿನ ಬದಿಗೆ ಹಚ್ಚಿ, ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಸುತ್ತು ಬರುತ್ತಿದ್ದರು. ಎಲ್ಲಿ ಬೆರಳು ನಿಂತಿತೋ ಅಲ್ಲಿ ಸೀಮೆಸುಣ್ಣದ ಗೆರೆ.

ಕಣ್ಣು ಮುಚ್ಚಿ ಎಂದು ಬರೆದೆ. ನಿಜವಾಗಿ ಮುಚ್ಚುತ್ತಿದ್ದರೇ? ಅವರು ತೀರಿಕೊಂಡ ಸುದ್ದಿ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ದಿನದಿಂದ ಈ ಥರದ ಪ್ರಶ್ನೆಗಳು ನನ್ನನ್ನು ಬಿಡುತ್ತಿಲ್ಲ. ನಾನು ಓದಿದ್ದು ರಸಾಯನಶಾಸ್ತ್ರ, ಧಾರವಾಡದಲ್ಲಿ. ಎರಡು ಸಲ ಅಳೆಯದೆ ಏನನ್ನೂ ನಂಬಬಾರದೆಂದು ಕಲಿತವನು. ನೆನಪನ್ನು ಎರಡನೆಯ ಸಲ ಅಳೆಯುವುದು ಹೇಗೆಂದು ಯಾರೂ ಕಲಿಸಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಇನ್ನೂ ಭೋಸರಿಯಲ್ಲೇ ಇದ್ದಾರೆ. ಶೆಡ್ಡಿನಲ್ಲಿ ಎಲ್ಲರಿಗೂ ಅವರು ಕಾಕಾ. ಬೆಳಗಾವಿ ಕಡೆಯವರು. ಲಾರಿ ಟೈರುಗಳ ಒಂದು ಕಂಪನಿಯ ವಿತರಕರಲ್ಲಿ ವಾರಂಟಿ ತಪಾಸಣೆ ಮಾಡುತ್ತಿದ್ದರು, ನಾನು ಅವರ ಸಹಾಯಕ. ಅವಧಿಗೆ ಮುನ್ನ ಸೀಳಿದ, ಉಬ್ಬಿದ, ಪದರ ಬಿಟ್ಟ ಟೈರುಗಳನ್ನು ಗಿರಾಕಿಗಳು ತಂದು ಹಾಕುತ್ತಿದ್ದರು. ತಪ್ಪು ಕಂಪನಿಯದೆಂದು ಕಾಕಾ ಬರೆದರೆ ಆ ಟೈರಿನ ನಂಬರು ಇರುವ ತುಂಡನ್ನು ಚಾಕುವಿನಿಂದ ಕತ್ತರಿಸಿ ತೆಗೆಯುತ್ತಿದ್ದರು. ಅಲ್ಲಿಗೆ ಅದು ಸತ್ತಂತೆ, ಗಿರಾಕಿಗೆ ಹೊಸದು ಸಿಗುತ್ತಿತ್ತು. ತಪ್ಪು ಗಿರಾಕಿಯದೆಂದು ಬರೆದರೆ ಟೈರು ಇದ್ದ ಹಾಗೇ ವಾಪಸು. ಅದು ಅವನ ಆಸ್ತಿ, ಏನಾದರೂ ಮಾಡಿಕೊಳ್ಳಲಿ. ಏನು ಮಾಡಿಕೊಳ್ಳುತ್ತಾನೆ? ಮತ್ತೆ ಗಾಡಿಗೆ ಹಾಕುತ್ತಾನೆ.

ಕಾಕಾ ಸೋಲುತ್ತಿದ್ದದ್ದು ಇಲ್ಲಿ.

"ತಪ್ಪು ಯಾರದು ಅನ್ನೂದು ಕಾಗದಕ್ಕ ಗೊತ್ತಿರ್ತದ್ರಿ," ಎನ್ನುತ್ತಿದ್ದರು. "ಟೈರಿಗೆ ಗೊತ್ತಿರೂದಿಲ್ಲ. ಅದು ಒಡಿಯೂದ ಒಡೀತದ."

ಲಾರಿ ಟೈರಿನ ರಬ್ಬರಿನೊಳಗೆ ನೈಲಾನ್ ದಾರದ ಪದರಗಳಿರುತ್ತವೆ. ಭಾರ ಹೊರುವುದು ರಬ್ಬರಲ್ಲ, ಆ ದಾರ. ಸೀಳು ಮೇಲಿನ ರಬ್ಬರಿನಲ್ಲೇ ನಿಂತಿದ್ದರೆ ಟೈರು ಇನ್ನಷ್ಟು ದಿನ ಓಡೀತು. ದಾರ ಕಂಡಿತೆಂದರೆ ನೀರು, ಧೂಳು ಒಳಗಿಳಿದು, ಪದರಗಳು ಒಂದನ್ನೊಂದು ಬಿಟ್ಟು, ತುಂಬಿದ ಗಾಡಿಯ ಕೆಳಗೆ ಒಂದು ದಿನ ಒಮ್ಮೆಲೇ ಸಿಡಿಯುತ್ತದೆ. ಆಳ ನೋಡಲು ಕಂಪನಿ ಉಕ್ಕಿನ ಅಳತೆಕಡ್ಡಿ ಕೊಟ್ಟಿತ್ತು. ಕಾಕಾ ಕಸಬರಿಗೆಯ ಕಡ್ಡಿ ಮುರಿದು ಸೀಳಿನಲ್ಲಿ ಇಳಿಸುತ್ತಿದ್ದರು. ಉಕ್ಕು ತಾನೇ ದಾರಿ ಮಾಡಿಕೊಂಡು ಒಳಗೆ ಹೋಗುತ್ತದೆ, ಕಡ್ಡಿ ಇದ್ದಷ್ಟೇ ಹೋಗುತ್ತದೆ ಎಂಬುದು ಅವರ ವಾದ. ನಾನು ನಕ್ಕಿದ್ದೆ. ಆಮೇಲೆ ಗುಟ್ಟಾಗಿ ಎರಡನ್ನೂ ಹೋಲಿಸಿ ನೋಡಿದೆ. ಅವರು ಹೇಳಿದ್ದು ಸರಿಯಿತ್ತು.

ನನ್ನನ್ನು "ಎಮ್ಮೆಸ್ಸಿ" ಎಂದೇ ಕರೆಯುತ್ತಿದ್ದರು. "ಎಮ್ಮೆಸ್ಸಿ, ನೀವು ಓದಿದ್ದು ರಬ್ಬರ್. ಇಲ್ಲಿ ಬಂದು ಬೀಳೂದು ಟೈರ್. ಎರಡಕ್ಕೂ ಭಾಳ ಫರಕ್ ಅದ." ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದಾಗಲೂ ಕಣ್ಣು ರಸ್ತೆಯ ಮೇಲೆ. ಎದುರಿನ ಟಪರಿಗೆ ಚಹಾಕ್ಕೆ ನಿಂತ ಲಾರಿಗಳ ಚಕ್ರಗಳನ್ನು ಲೆಕ್ಕ ಹಾಕಿದಂತೆ ನೋಡುತ್ತಿದ್ದರು. ಒಮ್ಮೊಮ್ಮೆ ಎದ್ದು ಹೋಗಿ ಕ್ಯಾಬಿನ್ನಿನ ಬಾಗಿಲು ಬಡಿದು ಡ್ರೈವರನನ್ನು ಇಳಿಸಿ ತೋರಿಸುತ್ತಿದ್ದರು. ಡ್ರೈವರುಗಳು ಮರಾಠಿಯಲ್ಲಿ ಬೈದು ಹತ್ತಿ ಹೋಗುತ್ತಿದ್ದರು. ಕಾಕಾ ಬಂದು, ಆರಿದ ರೊಟ್ಟಿ ಮುರಿಯುತ್ತ, "ಹೇಳೂದು ಹೇಳೀನಿ," ಎನ್ನುತ್ತಿದ್ದರು.

ಸ್ಕೂಟರಿನಲ್ಲಿ ಹೋಗುವಾಗ ಲಾರಿಯ ಪಕ್ಕಕ್ಕೆ ಅವರು ನಿಲ್ಲುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ಲಾರಿ ಬಂದರೆ ಕಾಲಿನಿಂದ ತಳ್ಳಿಕೊಂಡು ಹಿಂದೆ ಸರಿಯುವರು. ಹಿಂದಿನವರ ಹಾರ್ನಿಗೂ ಜಗ್ಗುತ್ತಿರಲಿಲ್ಲ. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಖಾಲಿ ಇದ್ದರೂ ನಿಂತೇ ಬರುವರು. ಯಾಕೆ ಹೀಗೆ ಎಂಬುದಕ್ಕೆ ಶೆಡ್ಡಿನಲ್ಲಿ ಮೂರು ಕತೆಗಳಿದ್ದವು. ಹಿಂದೆ ಯಾವಾಗಲೋ ಅವರು ವಾಪಸು ಕಳಿಸಿದ ಟೈರು ಒಡೆದು ಯಾರೋ ಸತ್ತರೆಂದು ಒಂದು. ಸತ್ತವರು ಅವರ ಸಂಬಂಧಿಕರೇ ಎಂದು ಇನ್ನೊಂದು. ಇದೆಲ್ಲ ಸುಳ್ಳು, ಸ್ವಭಾವವೇ ಅಂಜುಬುರುಕು ಎಂದು ಮೂರನೆಯದು. ನಾನು ಕೇಳಲಿಲ್ಲ. ಕೇಳಿದ್ದರೆ ಯಾವುದನ್ನು ನಂಬುತ್ತಿದ್ದೆನೋ.

ಆ ವರ್ಷ ದಸರಾ ಕಳೆದ ಮೇಲೆ ಒಂದೇ ಅಳತೆಯ ಟೈರುಗಳು ಬರತೊಡಗಿದವು. ಮೊದಲು ಎರಡು. ಹೊಸವು, ನೆಲಕ್ಕೆ ತಾಗುವ ಮೇಲ್ಮೈಯ ಹೂವು ಕೂಡ ಸವೆದಿರಲಿಲ್ಲ. ಬದಿಯಲ್ಲಿ, ರಿಮ್ಮಿನಿಂದ ನಾಲ್ಕು ಬೆರಳು ಮೇಲೆ, ಹಳೆಯ ಚಪ್ಪಲಿಯ ಮಡಿಕೆಯಲ್ಲಿ ಬೀಳುವಂಥ ಸಣ್ಣ ಸೀಳುಗಳ ಸಾಲು. ಮರುವಾರ ಐದು. ಆಮೇಲೆ ಗೋಡೆಯುದ್ದಕ್ಕೂ. ಕಾಕಾ ಅವನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಎಲ್ಲದರ ಸೀಳೂ ಒಂದೇ ಎತ್ತರಕ್ಕೆ ಬರುವಂತೆ ತಿರುಗಿಸಿ ಇಟ್ಟರು. ಶೆಡ್ಡಿನೊಳಗೆ ಕಾಲಿಟ್ಟರೆ ಆ ಗೆರೆ ಒಂದು ಟೈರಿನಿಂದ ಇನ್ನೊಂದಕ್ಕೆ ಹರಿದು ಗೋಡೆಯ ಕೊನೆಯ ತನಕ ಹೋದಂತೆ ಕಾಣುತ್ತಿತ್ತು. ಕೆಲಸದವರು ಆ ಕಡೆ ಬೆನ್ನು ಹಾಕಿ ಕೂಡುವುದನ್ನು ಬಿಟ್ಟರು.

"ಇವು ಒಂದ ದಿನ ಹುಟ್ಟಿದಾವು," ಎಂದರು ಕಾಕಾ. "ಒಂದ ಅಚ್ಚಿನ್ಯಾಗ."

ಅಂದರೆ ತಪ್ಪು ಕಂಪನಿಯದು, ಆದರೆ ಇನ್ನೊಂದು ವಿಷಯವಿತ್ತು. ದಸರೆಯ ಆಯುಧಪೂಜೆಗೆ, ಖಂಡೇನವಮಿಗೆ, ನಮ್ಮ ಲಾರಿಯವರು ಗಾಡಿ ತೊಳೆದು, ಹಾರ ಹಾಕಿ, ಲಿಂಬೆಹಣ್ಣು ಕಟ್ಟಿ, ಟೈರುಗಳಿಗೆ ಡೀಸೆಲ್ಲಿನಲ್ಲಿ ಕಲೆಸಿದ ಕರಿ ಬಳಿದು ಮಿರಿಮಿರಿ ಮಿಂಚಿಸುತ್ತಾರೆ. ಪೂಜೆಗೆ ನಿಂತ ಗಾಡಿಯ ಟೈರು ಬೂದಿ ಬಣ್ಣದ್ದಿದ್ದರೆ ಅದು ಅಪಮಾನ. ಗಾಳಿಯಿಂದ ರಬ್ಬರನ್ನು ಕಾಯಲೆಂದು ಟೈರಿನೊಳಗೆ ಒಂದು ಮೇಣ ಸೇರಿಸಿರುತ್ತಾರೆ. ಅದು ಮೆಲ್ಲಗೆ ಮೇಲಕ್ಕೆ ಒಸರಿ ತೆಳ್ಳನೆಯ ಪೊರೆಯಾಗುತ್ತದೆ. ಡೀಸೆಲ್ಲು ಆ ಪೊರೆಯನ್ನು ತಿನ್ನುತ್ತದೆ. ಪೊರೆ ಹೋದ ರಬ್ಬರು ಸೀಳುತ್ತದೆ. ಇದು ನನಗೆ ಗೊತ್ತಿದ್ದ ರಸಾಯನಶಾಸ್ತ್ರ. ಮ್ಯಾನೇಜರರು ಕೇಳಿದಾಗ ಎರಡು ಪುಟದ ಟಿಪ್ಪಣಿ ಬರೆದುಕೊಟ್ಟೆ. ನನ್ನ ಓದು ಮೊದಲ ಸಲ ಉಪಯೋಗಕ್ಕೆ ಬಂತೆಂಬ ಹೆಮ್ಮೆಯೂ ಇತ್ತು. ಆ ಟಿಪ್ಪಣಿ ಮೇಲಕ್ಕೆ ಹೋಯಿತು. ಮೇಲಿನಿಂದ ಉತ್ತರ ಬಂತು. ಕರಿ ಬಳಿದ ಯಾವ ಟೈರಿಗೂ ಬದಲಿ ಇಲ್ಲ. ಗೋಡೆಗೆ ನಿಂತವುಗಳಲ್ಲಿ ಕರಿ ಬಳಿಯದ ಟೈರು ಒಂದೂ ಇರಲಿಲ್ಲ.

ಕಾಕಾ ಟಿಪ್ಪಣಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಚೊಲೋ ಬರದೀರಿ, ಎಮ್ಮೆಸ್ಸಿ. ಇದರಾಗ ಒಂದೂ ಸುಳ್ಳಿಲ್ಲ. ಅದಕ್ಕ ಅಂಜಿಕಿ ಬರ್ತದ."

"ಕಾಕಾ, ಎಣ್ಣಿ ಹಚ್ಚಿದ್ದು ಖರೆ ಅದ ಅಲ್ರಿ?"

"ಅದ. ಪ್ರತಿ ವರ್ಷ ಹಚ್ತಾರ. ಪ್ರತಿ ವರ್ಷ ಹಿಂಗ ಸೀಳತಾವೇನು?"

ಅಂದಿನಿಂದ ಅವರು ವಾಪಸು ಹೋಗಬೇಕಾದ ಪ್ರತಿ ಟೈರಿನ ಧಣಿಯನ್ನು ಕೂಡಿಸಿಕೊಂಡು ಗೋಗರೆಯತೊಡಗಿದರು. ಒಯ್ಯಬೇಡ, ಇಲ್ಲೇ ಬಿಡು, ಕನಿಷ್ಠ ಮುಂದಿನ ಚಕ್ರಕ್ಕೆ ಹಾಕಬೇಡ. ಕೆಲವರು ಬಿಟ್ಟುಹೋದರು. ಹೆಚ್ಚಿನವರು ಒಯ್ದರು. ಗೋಡೆ ಖಾಲಿಯಾಗುತ್ತ ಬಂತು. ಟೈರುಗಳು ಕಣ್ಣೆದುರು ಇದ್ದಾಗ ಇಲ್ಲದ ಭಯ ಅವು ಒಂದೊಂದೇ ಹೊರಗೆ ಹೋದ ಮೇಲೆ ನನಗೂ ಹತ್ತಿತು.

ಕೊನೆಗೆ ಬಂದವನು ಇಂಡಿ ಕಡೆಯ ಒಬ್ಬ ಟಿಪ್ಪರಿನವ. ಪುಣೆಯ ಇನ್ನೊಂದು ಅಂಚಿಗಿರುವ ಕೊಂಢವಾದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಖಡಿ, ಅಂದರೆ ಜಲ್ಲಿಕಲ್ಲು, ಸಾಗಿಸುತ್ತಿದ್ದ. ಗಾಡಿಯೂ ಅವನದೇ, ಡ್ರೈವರನೂ ಅವನೇ. ಕನ್ನಡದಲ್ಲಿ ಮಾತಾಡುವವರು ಸಿಕ್ಕರೆಂದು ಅವನಿಗೆ ಖುಷಿಯೋ ಖುಷಿ.

"ನಮ್ಮವರ ಅದೀರಲ್ರಿ ಸಾಹೇಬ್ರ! ಇನ್ನೇನು, ಕೆಲಸ ಆತಂತ ತಿಳಕೊಂಡೆ."

"ಎಣ್ಣಿ ಹಚ್ಚೀ ಏನಪಾ?" ಎಂದರು ಕಾಕಾ.

"ಹಚ್ಚದ ಬಿಡ್ತೀನೇನ್ರಿ? ಹಬ್ಬದಾಗ ಹೆಂಡ್ತಿಗೆ ಸೀರಿ ಇಲ್ಲಂದ್ರ ನಡೀತೈತಿ, ಗಾಡಿಗೆ ಕರಿ ಇಲ್ಲಂದ್ರ ನಡೀತೈತೇನು?" ಎಂದು ನಕ್ಕ. ನಗುತ್ತಲೇ ತನ್ನ ಕ್ಲೇಮನ್ನು ತಾನೇ ಕೊಂದುಕೊಂಡ. ಫಾರ್ಮು ತುಂಬುತ್ತಿದ್ದವನು ನಾನು. ಅವನ ಮಾತನ್ನು ಹಾಗೇ ಬರೆದುಕೊಂಡೆ.

ಕಾಕಾ ಅವನಿಗೆ ಕೈಮುಗಿದದ್ದು ಸ್ಪಷ್ಟವಾಗಿ ನೆನಪಿದೆ. ಆ ಟೈರು ಮುಂದಿನ ಎಡ ಗಾಲಿಯದು. ಒಯ್ಯಬೇಡ ಎಂದರು. ಒಯ್ಯುವುದಾದರೂ ಹಿಂದೆ ಹಾಕಿಕೋ, ಅಲ್ಲಿ ಎರಡೆರಡು ಇರುತ್ತವೆ, ಒಂದು ಒಡೆದರೂ ಇನ್ನೊಂದು ತಡೆಯುತ್ತದೆ ಎಂದರು.

"ಹಿಂದಿನವು ಇದಕಿಂತ ಹೊಲಸು ಅದಾವ್ರಿ ಯಪ್ಪಾ," ಎಂದ ಅವನು. ಆಗ ನಗು ಇರಲಿಲ್ಲ.

ಎರಡು ದಿನ ಬಿಟ್ಟು ಬರುವುದಾಗಿ ಹೇಳಿ ಹೋದ. ಮರುದಿನ ಕಾಕಾ ಬೇರೆ ಕೆಲಸಕ್ಕೆ ಹೊರಗೆ ಹೋಗುವಾಗ, "ನಾ ಬರೂತನಕ ಆ ಇಂಡಿಯವನ ಟೈರ್ ಕೊಡಬ್ಯಾಡ್ರಿ," ಎಂದರು. ಅವನು ಅಂದೇ ಬಂದ. ಕೆಲಸ ನಿಂತಿದೆ ಎಂದ. ತನ್ನ ಟೈರು ತನಗೆ ಕೊಡಲು ಏನಡ್ಡಿ ಎಂದ. ನಿಯಮದ ಪ್ರಕಾರ ಏನೂ ಅಡ್ಡಿ ಇರಲಿಲ್ಲ. ಸಹಿ ಹಾಕಿಸಿಕೊಂಡು ಕೊಟ್ಟೆ.

ಕಾಕಾ ಬಂದು ಖಾಲಿ ಗೋಡೆ ನೋಡಿದರು. "ಕೂಡ್ರಿ," ಎಂದು ಸ್ಕೂಟರು ತೆಗೆದರು. ಭೋಸರಿಯಿಂದ ಕೊಂಢವಾಕ್ಕೆ ಇಡೀ ಪುಣೆಯನ್ನು ಹಾಯ್ದು ಹೋಗಬೇಕು. ಬಿಸಿಲು. ಆ ದಿನ ಮಾತ್ರ ಅವರು ಲಾರಿಗಳ ಪಕ್ಕಕ್ಕೇ ಹಾಯಿಸಿಕೊಂಡು ಹೊಡೆದರು. ನನ್ನ ಮೊಣಕಾಲು ಎರಡು ಸಲ ಚಕ್ರಗಳ ಹತ್ತಿರಕ್ಕೆ ಹೋಯಿತು.

ಫಾರ್ಮಿನಲ್ಲಿದ್ದ ವಿಳಾಸ ಹಿಡಿದು ಹುಡುಕಿದಾಗ ಅರ್ಧ ಎದ್ದ ಕಟ್ಟಡವೊಂದರ ಮುಂದೆ ಅವನ ಟಿಪ್ಪರು ಖಡಿ ಸುರಿದು ನಿಂತಿತ್ತು. ಮತ್ತೊಂದು ಖೇಪು ಖಡಿ ತರಲು ಅವನು ಬೋಪದೇವ ಘಾಟಿನ ಆಚೆ ಹೊರಟಿದ್ದ. ತುಂಬಿಕೊಂಡು ಅದೇ ಘಾಟು ಇಳಿದು ಬರಬೇಕು. ಮುಂದಿನ ಎಡಗಡೆ ಆ ಟೈರು.

"ಏ, ಇಲ್ಲಿತನಕ ಬಂದ್ರ್ಯಾ? ಮನಸ್ಸು ಕರಗಿತೇನ್ರಿ?" ಎಂದು ಇಳಿದ.

"ಸ್ಟೇರಿಂಗ್ ಪೂರಾ ತಿರುವು. ನೋಡ್ತೀನಿ," ಎಂದರು ಕಾಕಾ.

ಅವನು ಮತ್ತೆ ಹತ್ತಿ ತಿರುವಿದ. ಗಾಲಿ ಹೊರಗೆ ಬಂತು. ಕಾಕಾ ಮಣ್ಣಿನಲ್ಲಿ ಮೊಣಕಾಲೂರಿ ಎರಡೂ ಹೆಬ್ಬೆರಳಿನಿಂದ ಸೀಳನ್ನು ಅಗಲಿಸಿ ಹಿಡಿದರು. ತುಂಬಾ ಹೊತ್ತು ನೋಡಿದರು.

"ಎಮ್ಮೆಸ್ಸಿ, ಬಗ್ಗಿ ನೋಡ್ರಿ. ದಾರ ಕಾಣತದೇನು?"

ನಾನು ಬಗ್ಗಿದೆ.

ಇಲ್ಲಿಗೆ ಬಂದಾಗಲೆಲ್ಲ ನನ್ನ ಬರವಣಿಗೆ ನಿಲ್ಲುತ್ತದೆ. ಬಗ್ಗಿದ್ದು ನಿಜ. ಬೆವರು ಕನ್ನಡಕದ ಮೇಲೆ ಇಳಿದಿದ್ದೂ ನಿಜ. ಸೀಳಿನ ತಳದಲ್ಲಿ ಬೆಳ್ಳಗಿನ ಏನೋ ಇತ್ತು. ಅದು ದಾರವಾಗಿರಬಹುದು. ಖಡಿಯ ಪುಡಿ ಕೂತಿದ್ದೂ ಇರಬಹುದು. ಅಲ್ಲಿ ನಿಂತವರ ಹುಬ್ಬಿನ ಮೇಲೂ ಆ ಪುಡಿಯೇ. ನಾನು "ಹೂಂ" ಎಂದೆನೋ, "ಹೌದ್ರಿ" ಎಂದೆನೋ. ಏನೋ ಒಂದು ಧ್ವನಿ ಹೊರಟಿತು. ಕಾಕಾ ಅದನ್ನು ಹೌದು ಎಂದು ತೆಗೆದುಕೊಂಡರು.

"ಕುಡಿಯಾಕ ನೀರು ಅದಾವೇನಪಾ?" ಎಂದು ಅವನನ್ನು ಕೇಳಿದರು. ಅವನು ಓಡಿ ಹೋಗಿ ಕ್ಯಾಬಿನ್ನಿನಿಂದ ಬಾಟಲಿ ತಂದುಕೊಟ್ಟ. ಅಷ್ಟರಲ್ಲಿ ಕಾಕಾ ಗಾಲಿಯ ವಾಲ್ವು ಬಿಚ್ಚಿದ್ದರು. ಹವಾ ಹೋಗುವ ಸದ್ದು ಬಹಳ ಹೊತ್ತು ಬಂತು. ಟಿಪ್ಪರಿನ ಆ ಮೂಲೆ ಮೆಲ್ಲಗೆ ಕುಸಿಯಿತು. ಹವಾ ನೋಡುತ್ತಿದ್ದಾರೆಂದೇ ಅವನು ತಿಳಿದಿದ್ದ. ರಬ್ಬರು ಕತ್ತರಿಸುವವರು ಚಾಕುವನ್ನು ಒದ್ದೆ ಮಾಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಅದು ಕಚ್ಚಿಕೊಳ್ಳುತ್ತದೆ. ಕಾಕಾ ಆ ನೀರನ್ನು ಕುಡಿಯಲಿಲ್ಲ. ನಂಬರು ತೆಗೆಯುವ ಚಾಕುವಿನ ಮೇಲೆ ಸುರುವಿ, ಸೀಳಿನ ಗುಂಟ ಒಂದು ಗೇಣು ಎಳೆದುಬಿಟ್ಟರು.

ಅವನು ಕೂಗಾಡಲಿಲ್ಲ. ಬಾಟಲಿಯ ಮುಚ್ಚಳ ಕೈಯಲ್ಲೇ ಇತ್ತು.

"ಸಾಹೇಬ್ರ, ನನ್ನ ಕೈಲೆ ನೀರು ಇಸ್ಕೊಂಡು ನನ್ನ ಕಾಲು ಕಡದ್ರಿ," ಎಂದ.

ಅವನು ದೂರು ಕೊಟ್ಟ. ಕೊಡಬೇಕಾದದ್ದೇ. ವಿಚಾರಣೆಯಲ್ಲಿ ಎಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು. ಕತ್ತರಿಸುವ ಮೊದಲು ದಾರ ಕಂಡಿತ್ತೋ ಇಲ್ಲವೋ? ಕಂಡಿದ್ದರೆ, ಅಪಾಯ ತಪ್ಪಿಸಲು ಮಾಡಿದ್ದು. ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಕಂಡಿರದಿದ್ದರೆ ಗಿರಾಕಿಯ ಒಳ್ಳೆಯ ಟೈರನ್ನು ಹಾಳು ಮಾಡಿದ್ದು, ನೌಕರಿ ಹೋಗುತ್ತದೆ. ಕತ್ತರಿಸಿದ ಮೇಲೆ ದಾರವೆಲ್ಲ ಕಂಡೇ ಕಾಣುತ್ತದೆ, ಹಾಗಾಗಿ ಟೈರು ಸಾಕ್ಷಿಯಲ್ಲ. ಸಾಕ್ಷಿ ನಾನೊಬ್ಬನೇ. ಬರೆದುಕೊಡು ಎಂದರು ಮ್ಯಾನೇಜರರು.

ಬರೆಯುವ ದಿನ ಕಾಕಾ ನನ್ನ ಮೇಜಿನ ಹತ್ತಿರ ಬಂದರು. "ಕಂಡಿದ್ರ ಕಂಡದ ಅಂತ ಬರೀರಿ. ಕಂಡಿಲ್ಲಂದ್ರ ಕಂಡಿಲ್ಲ ಅಂತ ಬರೀರಿ. ನನ್ನ ಮುಖ ನೋಡಬ್ಯಾಡ್ರಿ. ಆದರ ಒಂದು ಬರೀರಿ."

ಕಂಡಿತ್ತು ಎಂದರೆ, ಅಂಥ ಟೈರನ್ನು ಸಹಿ ಹಾಕಿಸಿಕೊಂಡು ಕೊಟ್ಟವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕಿಂತ ಮೊದಲು, ಎಲ್ಲ ದೋಷ ಕರಿಯದೇ ಎಂದು ಎರಡು ಪುಟ ಬರೆದವನು ಯಾರು ಎಂಬುದೂ. ಕಂಡಿರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. 'ಸ್ಪಷ್ಟವಾಗಿ ನೆನಪಿಲ್ಲ' ಎಂದು ಬರೆದೆ. ಬಗ್ಗಿ ನೋಡಿ ನಾಲ್ಕು ದಿನ ಕೂಡ ಆಗಿರಲಿಲ್ಲ. ಆ ಹೊತ್ತಿಗೆ ನನಗೆ ನೆನಪಿತ್ತೇ? ಇತ್ತೆಂದೇ ಈಗ ಅನ್ನಿಸುತ್ತದೆ. ಏನು ನೆನಪಿತ್ತು ಎಂಬುದು ಮಾತ್ರ ನೆನಪಾಗುತ್ತಿಲ್ಲ. ಸುಳ್ಳಾಗಿ ಬರೆದ ಒಂದು ವಾಕ್ಯ ಕಾಲಾಂತರದಲ್ಲಿ ತಾನೇ ನಿಜವಾಯಿತು.

ನೌಕರಿ ಕಳೆದುಕೊಂಡು ಕಾಕಾ ಮನೆಗೆ ಹೋದರು. ಬೀಳ್ಕೊಡುಗೆ ಏನೂ ಆಗಲಿಲ್ಲ. ಗದ್ದಲ ಬೆಳೆಯಬಾರದೆಂದು ಇಂಡಿಯವನಿಗೆ ಸದ್ದಿಲ್ಲದೆ ಹೊಸ ಟೈರು ಕೊಟ್ಟರು. ವಾರಂಟಿ ಎಂಬ ಶಬ್ದ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಉಳಿದ ಟೈರುಗಳು ಯಾವ ಯಾವ ರಸ್ತೆಯಲ್ಲಿ ಓಡಿದವೋ, ಎಲ್ಲಿ ನಿಂತವೋ, ನಾನು ವಿಚಾರಿಸಲಿಲ್ಲ. ಪೇಪರಿನಲ್ಲಿ ಘಾಟಿನ ಸುದ್ದಿ ಬಂದರೆ ಪುಟ ತಿರುವುತ್ತಿದ್ದೆ. ಕೆಲವು ತಿಂಗಳಿಗೆ ನಾನೂ ಆ ಕೆಲಸ ಬಿಟ್ಟೆ. ಈಗ ಪುಣೆಯದೇ ವಾಕಡದಲ್ಲಿ ಮನೆ, ಬೇರೊಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ನೌಕರಿ. ಅಲ್ಲಿ ನಾನು ಬಹಳ ಕಟ್ಟುನಿಟ್ಟಿನವನೆಂದು ಹೆಸರಿದೆ.

ಕಾಕಾ ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಕಾಕೂ, ಅವರ ಹೆಂಡತಿ, ಚಹಾ ತಂದಿಟ್ಟು ಎದುರು ಕೂತರು. ಊರಿನ ಮಾತು, ಕಡೆಯ ದಿನಗಳ ಮಾತು ಆಯಿತು. ಆಮೇಲೆ ಅವರು ಸೆರಗು ಸರಿಮಾಡಿಕೊಂಡರು.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಅವತ್ತು ಕೊಂಢವಾದಾಗ ದಾರ ಕಂಡಿತ್ತೇನ್ರಿ?"

ನಾನು ಚಹಾದ ಕಪ್ಪನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ.

"ಮೊದಲ ಒಂದೆರಡು ವರ್ಷ, ಕಂಡಿತ್ತು, ನಾ ನೋಡೀನಿ ಅಂತಿದ್ರು. ಆಮ್ಯಾಲ, ಕಂಡಿತ್ತು ಅನಸ್ತದ ಅನ್ನಾಕ ಹತ್ತಿದ್ರು. ಕಡೀಕ ನನ್ನ ಕೇಳ್ತಿದ್ರು, ನಾ ಬಡವನ ಟೈರ್ ಸುಮ್ಮನ ಕಡದ್ನೇನ ಅಂತ. ನಾ ಏನು ಹೇಳ್ಲಿ? ನಾ ಏನು ನೋಡೀನೇನು? ಅವರು ಸೈತ ನೋಡ್ಯಾರ, ಅವರನ್ನ ಕೇಳು ಅಂತಿದ್ರು. ನಿಮ್ಮ ಹೆಸರು ತಗೊಂಡ ಹಂಗಂತಿದ್ರು."

"ಕಂಡಿತ್ರಿ ಕಾಕೂ," ಎಂದೆ. ನನ್ನ ಧ್ವನಿ ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬಿಳೀ ದಾರ. ಎರಡು ಎಳಿ. ಸ್ವಚ್ಛ ಕಾಣತಿತ್ತು."

ಅವರು ಸಮಾಧಾನಪಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಯಾವುದೋ ಲೆಕ್ಕ ಕೂಡಿಸುತ್ತಿದ್ದಂತಿತ್ತು.

"ಎರಡು ಎಳಿ ಅನ್ನೂದು ಸೈತ ನೆನಪದ," ಎಂದರು.

"ಹೌದ್ರಿ."

"ಹಂಗಾರ ಅವಾಗ ಯಾಕ ಬರೀಲಿಲ್ರಿ?"

ಹೊರಗೆ ತುಂಬಿದ ಲಾರಿಯೊಂದು ಓಣಿಯ ತಿರುವಿನಲ್ಲಿ ಗೇರು ಬದಲಿಸಿತು. ಕಪಾಟಿನ ಗಾಜು ಸಣ್ಣಗೆ ನಡುಗಿತು. ನಾನು ಕುಡಿಯದ ಚಹಾದ ಕಪ್ಪನ್ನು ಕಾಕೂ ಎತ್ತಿಕೊಂಡರು. ನಾನು ಎದ್ದಾಗ ಬಾಗಿಲ ತನಕ ಬಂದು, ಗಾಡಿಯ ಕೀಲಿ ನನ್ನ ಕೈಯಲ್ಲಿದ್ದದ್ದು ನೋಡಿ, ಮನೆಯಿಂದ ಹೊರಟ ಯಾರಿಗಾದರೂ ಹೇಳುವ ಧ್ವನಿಯಲ್ಲೇ ಹೇಳಿದರು.

"ಸಾವಕಾಶ ಹೋಗ್ರಿ."